ಇಂಗ್ಲೆಂಡಿನ ಶಾಲೆಗೆ ಮಗುವಿನ ಇನ್‌ಹೇಲರ್ ಕಳಿಸುವ ಮುನ್ನ

ಅಡ್ಮಿಷನ್, ಯೂನಿಫಾರ್ಮ್ ಬಗ್ಗೆ ಹೇಳುವವರು ಬೇಕಾದಷ್ಟಿದ್ದಾರೆ. ಹೊಸದಾಗಿ ಬಂದ ನಮ್ಮವರು ಎಡವುವುದು ಔಷಧದಲ್ಲಿ.

ಉಬ್ಬಸದ ಮಗುವಿನ ಬ್ಯಾಗಿಗೆ ಊರಿಂದ ತಂದ ಇನ್‌ಹೇಲರ್ ಹಾಕಿ, ಟೀಚರಿಗೆ ಬಾಯಿಮಾತಲ್ಲಿ ಹೇಳಿ ಬರುತ್ತಾರೆ. ಮಧ್ಯಾಹ್ನದೊಳಗೆ ಫೋನ್ ಬರುತ್ತದೆ: ಇದನ್ನು ಕೊಡಲಾಗದು, ಬನ್ನಿ. ಅಲ್ಲಿಗೆ ಅರ್ಧ ದಿನದ ರಜೆ ಹೋಯಿತು. ಶಾಲೆಗೆ ಬೇಕಾದದ್ದು ಫಾರ್ಮಸಿಯ ಮೂಲ ಡಬ್ಬ, ಮಗುವಿನ ಹೆಸರು ಮತ್ತು ಪ್ರಮಾಣವಿರುವ ಲೇಬಲ್, ಮುಗಿಯದ ಅವಧಿ, ನಿಮ್ಮ ಲಿಖಿತ ಒಪ್ಪಿಗೆ. ಇನ್ಸುಲಿನ್‌ಗೆ ಮಾತ್ರ ಡಬ್ಬದ ವಿನಾಯಿತಿ ಇದೆ. ಪೆನ್ ಅಥವಾ ಪಂಪಿನಲ್ಲಿದ್ದರೂ ನಡೆಯುತ್ತದೆ.

‘ಶಾಲೆಯಲ್ಲೇ ತುರ್ತಿಗೆ ಇಟ್ಟಿರುತ್ತಾರಲ್ಲ’ ಎಂಬ ಧೈರ್ಯ ಬೇಡ. 2014ರ ಅಕ್ಟೋಬರ್‌ನಿಂದ ಶಾಲೆಗಳು ಉಬ್ಬಸವನ್ನು ಬೇಗ ತಗ್ಗಿಸುವ ಸಾಲ್ಬ್ಯುಟಮಾಲ್ ಇನ್‌ಹೇಲರ್ ಕೊಂಡಿಡಬಹುದು, ಇಡಲೇಬೇಕೆಂದಿಲ್ಲ. ಇದ್ದರೂ ಅದು ವೈದ್ಯರು ಉಬ್ಬಸವೆಂದು ಗುರುತಿಸಿದ ಅಥವಾ ಇನ್‌ಹೇಲರ್ ಬರೆದುಕೊಟ್ಟ, ಪೋಷಕರು ಸಹಿ ಹಾಕಿದ ಮಕ್ಕಳಿಗೆ ಮಾತ್ರ.

ಹಾಗಾಗಿ ಬಂದ ಕೂಡಲೇ ಜಿಪಿ (ಸ್ಥಳೀಯ ಸಾಮಾನ್ಯ ವೈದ್ಯರು) ಬಳಿ ನೋಂದಾಯಿಸಿ, ಊರಿನ ವೈದ್ಯರ ಕಾಗದ ತೋರಿಸಿ. ಮನೆಗೊಂದು, ಶಾಲೆಗೊಂದು ಇನ್‌ಹೇಲರ್ ಕೇಳಿ, ಸ್ಪೇಸರ್ (ಅದಕ್ಕೆ ಜೋಡಿಸುವ ಕೊಳವೆ) ಸಹಿತ. 16 ವರ್ಷದೊಳಗಿನವರಿಗೆ ಪ್ರಿಸ್ಕ್ರಿಪ್ಷನ್ ಶುಲ್ಕವಿಲ್ಲ. ಲೇಬಲ್ ಸಾಮಾನ್ಯವಾಗಿ ರಟ್ಟಿನ ಡಬ್ಬದ ಮೇಲಿರುತ್ತದೆ. ಡಬ್ಬ ಎಸೆದರೆ ಲೇಬಲ್ಲೂ ಹೋಯಿತು. ಇನ್‌ಹೇಲರ್ ಮೇಲೂ ಒಂದು ಅಂಟಿಸಿಕೊಡಲು ಫಾರ್ಮಸಿಯಲ್ಲೇ ಕೇಳಿ. ಬೇಸಿಗೆ ರಜೆ ಮುಗಿದಾಗ ಅವಧಿ ನೋಡಿ ಮತ್ತೆ ಕಳಿಸಿ.

ಆಮೇಲೆ ಇಂಡಿವಿಜುವಲ್ ಹೆಲ್ತ್‌ಕೇರ್ ಪ್ಲಾನ್ ಬೇಕೆಂದು ಶಾಲೆಗೆ ಇಮೇಲ್ ಮಾಡಿ. ಲಕ್ಷಣಗಳೇನು, ಎಷ್ಟು ಪಫ್, ಯಾವಾಗ ತುರ್ತು ಸೇವೆಯ 999ಕ್ಕೆ ಕರೆ ಮಾಡಬೇಕು ಎಲ್ಲವೂ ಅದರಲ್ಲಿರಬೇಕು. ವರ್ಷಕ್ಕೊಮ್ಮೆಯಾದರೂ ಅದನ್ನು ಪರಿಶೀಲಿಸಬೇಕು. ಸರ್ಕಾರಿ ಹಣದ ಶಾಲೆಗಳು, ಅಕಾಡೆಮಿಗಳೂ ಸೇರಿ, ಕಾಯಿಲೆಯಿರುವ ಮಕ್ಕಳಿಗೆ ವ್ಯವಸ್ಥೆ ಮಾಡಲೇಬೇಕೆಂದು 2014ರ ಮಕ್ಕಳು ಮತ್ತು ಕುಟುಂಬಗಳ ಕಾಯ್ದೆಯ 100ನೇ ಸೆಕ್ಷನ್ ಹೇಳುತ್ತದೆ. ಈ ಹೆಲ್ತ್‌ಕೇರ್ ಪ್ಲಾನನ್ನೇ ಇಎಚ್‌ಸಿ (ಎಜುಕೇಷನ್, ಹೆಲ್ತ್ ಅಂಡ್ ಕೇರ್) ಪ್ಲಾನ್ ಎಂದುಕೊಂಡು ಸ್ಥಳೀಯ ಆಡಳಿತವಾದ ಕೌನ್ಸಿಲ್‌ಗೆ ಅರ್ಜಿ ಹಾಕಿ ಕೂರಬೇಡಿ. ಅದು ಕಲಿಕೆಯಲ್ಲಿ ವಿಶೇಷ ನೆರವು ಬೇಕಾದವರಿಗೆ, ಅದನ್ನು ಅಂತಿಮಗೊಳಿಸಲು ಕಾನೂನಿನ ಗಡುವೇ 20 ವಾರ.

ನಮ್ಮಲ್ಲಿ ಟೀಚರೇ ಅಕ್ಕರೆಯಿಂದ ಮಾತ್ರೆ ನುಂಗಿಸಿಬಿಡುತ್ತಾರೆ, ನಿಜ. ಇಲ್ಲಿನ ಕಾಗದದ ಕಾಟ ಸಾಕಪ್ಪಾ ಅನ್ನಿಸುತ್ತದೆ. ಆದರೂ ಇದೇ ವಾಸಿ: ಟೀಚರ್ ರಜೆಯಲ್ಲಿದ್ದರೂ ಏನು ಮಾಡಬೇಕೆಂಬುದು ಬರಹದಲ್ಲಿರುತ್ತದೆ.

ದಿನಕ್ಕೆ ಮೂರು ಬಾರಿಯ ಆಂಟಿಬಯೋಟಿಕ್ ಆದರೆ ಶಾಲೆಗೆ ಕಳಿಸುವುದೇ ಬೇಡ. ಬೆಳಿಗ್ಗೆ, ಶಾಲೆ ಬಿಟ್ಟ ಮೇಲೆ, ಮಲಗುವಾಗ ಕೊಡಬಹುದೇ ಎಂದು ಜಿಪಿಯನ್ನು ಕೇಳಿ. ವಾಂತಿ-ಭೇದಿಯಾದರೆ ಕೊನೆಯ ಸಲ ಆದ ಮೇಲೆ 48 ಗಂಟೆ ಮನೆಯಲ್ಲೇ ಇರಿಸಿ.