ಹೊಸ ಆಲ್ಬಮ್ ಹುಡುಕಿ, ಕೇಳಿ, ಇನ್ನೊಬ್ಬರಿಗೆ ದಾಟಿಸುವ ಬಗೆ: ನನ್ನ ಅನುಭವ

‘ಸಖತ್ತಾಗಿದೆ, ಕೇಳಿ’ ಅಂತ ಒಂದು ಲಿಂಕು ಕಳಿಸುವುದಕ್ಕೆ ಹತ್ತು ಸೆಕೆಂಡು ಸಾಕು. ಆ ಕಡೆಯವರು ಆಲ್ಬಮನ್ನು ಕೊನೆತನಕ ಕೇಳುವಂತೆ ಕಳಿಸುವುದು ಬೇರೆಯದೇ ಕೆಲಸ. ಹೆಚ್ಚಿನ ಶಿಫಾರಸುಗಳು ಎರಡನೇ ಹಾಡಿನಲ್ಲೇ ಪ್ರಾಣ ಬಿಡುತ್ತವೆ. ಸಂಗೀತ ಕಳಪೆ ಅಂತಲ್ಲ. ಯಾವ ಹಾಡಿನಿಂದ ಹಿಡಿಯಬೇಕು, ಯಾವ ಹೊತ್ತಿನಲ್ಲಿ ಕೇಳಬೇಕು, ಏನು ಸಿಗುವುದಿಲ್ಲ ಎಂಬ ಮೂರು ಮಾತು ಲಿಂಕಿನ ಜೊತೆ ಹೋಗಿರುವುದಿಲ್ಲ. ಆ ಮೂರು ಮಾತು ಹೇಳಬೇಕಾದರೆ ಮೊದಲು ನಾವು ಸರಿಯಾಗಿ ಕೇಳಿರಬೇಕು.

ಹುಡುಕಾಟದಿಂದ ಶುರು ಮಾಡುತ್ತೇನೆ. 2015ರ ಜುಲೈ 10ರಿಂದ ಜಗತ್ತಿನಾದ್ಯಂತ ಹೊಸ ಆಲ್ಬಮ್‌ಗಳು ಶುಕ್ರವಾರ ಬಿಡುಗಡೆಯಾಗುತ್ತಿವೆ. ಅದಕ್ಕೂ ಮುಂಚೆ ಅಮೆರಿಕದಲ್ಲಿ ಮಂಗಳವಾರ, ಬ್ರಿಟನ್ನಿನಲ್ಲಿ ಸೋಮವಾರ, ಹೀಗೆ ಒಂದೊಂದು ಕಡೆ ಒಂದೊಂದು ದಿನ ಇತ್ತು. ಶುಕ್ರವಾರ ನಾನು ಏನನ್ನೂ ಕೇಳುವುದಿಲ್ಲ, ಪಟ್ಟಿ ಮಾತ್ರ ಮಾಡುತ್ತೇನೆ: ಆಲ್ಬಮ್ ಹೆಸರು, ಲೇಬಲ್ (ಹೊರತಂದ ಸಂಸ್ಥೆ), ಒಟ್ಟು ಅವಧಿ, ನುಡಿಸಿದವರು ಯಾರು. ಆ ದಿನದ ಗದ್ದಲದಲ್ಲಿ ಕೇಳಿದರೆ ಕಿವಿಗಿಂತ ಮೊದಲು ಬಾಯಿ ಅಭಿಪ್ರಾಯ ಕೊಟ್ಟುಬಿಡುತ್ತದೆ.

ಸ್ಟ್ರೀಮಿಂಗ್ ಆ್ಯಪ್‌ಗಳು ತಾವಾಗಿಯೇ ಕೊಡುವ ಪಟ್ಟಿಗಳನ್ನು ನಾನು ಬಿಟ್ಟಿಲ್ಲ, ಆದರೆ ಅವುಗಳ ಮಿತಿ ಗೊತ್ತಿರಬೇಕು. ಸ್ಪಾಟಿಫೈ ಸೋಮವಾರಕ್ಕೊಮ್ಮೆ ಕೊಡುವ ‘ಡಿಸ್ಕವರ್ ವೀಕ್ಲಿ’ ಥರದ ಪಟ್ಟಿಗಳು ಬಹುಮಟ್ಟಿಗೆ ನಿಂತಿರುವುದು, ನೀವು ಕೇಳುವ ಹಾಡುಗಳನ್ನೇ ಕೇಳುವ ಬೇರೆಯವರು ಇನ್ನೇನು ಕೇಳುತ್ತಾರೆ ಎಂಬ ಲೆಕ್ಕದ ಮೇಲೆ. ಹಾಗಾಗಿ ಸಿಗುವುದು ಪಕ್ಕದ ಮನೆಯ ಸಂಗೀತವೇ, ಬೇರೆ ಊರಿನದಲ್ಲ. ನಿನ್ನೆ ಬಂದ, ಇನ್ನೂ ಹೆಚ್ಚು ಜನ ಕೇಳಿರದ ಆಲ್ಬಮ್ ಆ ಲೆಕ್ಕಕ್ಕೆ ಸಿಗುವುದೇ ಕಷ್ಟ. ಇನ್ನೊಂದು ತೊಡಕು ಹಾಡಿನ ಕಟ್ಟಡದಲ್ಲೇ ಇದೆ. ಸ್ಪಾಟಿಫೈನಲ್ಲಿ 30 ಸೆಕೆಂಡು ಕೇಳಿದ ಮೇಲಷ್ಟೇ ಅದು ಒಂದು ‘ಸ್ಟ್ರೀಮ್’. ಒಂದೂವರೆ ನಿಮಿಷ ನಿಧಾನವಾಗಿ ತೆರೆದುಕೊಳ್ಳುವ ಹಾಡಿಗೆ ಇದು ಒಳ್ಳೆಯ ವಾತಾವರಣವಲ್ಲ. ಮಕ್ಕಳಿಗೋ ನೆಂಟರಿಗೋ ನಿಮ್ಮ ಖಾತೆಯಲ್ಲಿ ಹಾಡು ಹಾಕಬೇಕಾದಾಗ ‘ಪ್ರೈವೇಟ್ ಸೆಷನ್’ ಆನ್ ಮಾಡಿಕೊಳ್ಳಿ. ಇಲ್ಲದಿದ್ದರೆ ಮುಂದಿನ ವಾರಗಳ ಪಟ್ಟಿ ಲಾಲಿಹಾಡುಗಳಿಂದ ತುಂಬಿಹೋಗುತ್ತದೆ.

ನನಗೆ ನಿಜವಾಗಿ ಹೊಸದು ಸಿಗುವುದು ಕ್ರೆಡಿಟ್‌ಗಳಿಂದ, ಅಂದರೆ ಆಲ್ಬಮಿನಲ್ಲಿ ಯಾರು ಏನು ಮಾಡಿದರು ಎಂಬ ಪಟ್ಟಿಯಿಂದ. ಪ್ರಕಾರದ ಬೆನ್ನು ಹತ್ತಬೇಡಿ, ಕೈಗಳ ಬೆನ್ನು ಹತ್ತಿ. ಡ್ರಮ್ಸ್ ಯಾರದು, ಬೇಸ್ ಯಾರದು, ಮಿಕ್ಸಿಂಗ್ (ದನಿಗಳನ್ನು ಬೆರೆಸಿ ಹದಗೊಳಿಸುವ ಕೆಲಸ) ಮಾಡಿದವರು ಯಾರು, ಯಾವ ಲೇಬಲ್. ಒಂದು ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ತೋರಿಸುತ್ತೇನೆ. 2023ರಲ್ಲಿ ಬಂದ ‘ಲವ್ ಇನ್ ಎಕ್ಸೈಲ್’ ಆಲ್ಬಮಿನಲ್ಲಿ ಮೂವರಿದ್ದಾರೆ: ಗಾಯಕಿ ಅರೂಜ್ ಆಫ್ತಾಬ್, ಪಿಯಾನೊ ನುಡಿಸುವ ವಿಜಯ್ ಅಯ್ಯರ್, ಬೇಸ್ ಮತ್ತು ಸಿಂತಸೈಜರ್ ಹಿಡಿದ ಶಹಜಾದ್ ಇಸ್ಮಾಯಿಲಿ. ದನಿಗೆ ಮನಸೋತವರು ಸಾಮಾನ್ಯವಾಗಿ ಆಫ್ತಾಬ್ ಅವರ ಹಿಂದಿನ ಆಲ್ಬಮ್‌ಗಳ ಕಡೆ ಹೋಗುತ್ತಾರೆ, ಹೋಗಲಿ. ನಾನು ಪಿಯಾನೊ ಹಿಡಿದು ಹೋಗುತ್ತೇನೆ. ಅಯ್ಯರ್ ಅವರ 2021ರ ‘ಅನ್‌ಈಸಿ’ ಇಸಿಎಂ ಲೇಬಲ್ಲಿನದು. ಅದರಲ್ಲಿ ಬೇಸ್ ಲಿಂಡಾ ಮೇ ಹಾನ್ ಓ, ಡ್ರಮ್ಸ್ ಟೈಶಾನ್ ಸೋರೆ. ಇದೇ ಮೂವರು 2024ರಲ್ಲಿ ‘ಕಂಪ್ಯಾಶನ್’ ತಂದರು. ಸೋರೆ ಹೆಸರನ್ನು ಒತ್ತಿದರೆ ಇನ್ನೊಂದೇ ಲೋಕ: ಆತ ಸಂಯೋಜಕನೂ ಹೌದು, ಆತನಿಗೆ 2024ರ ಪುಲಿಟ್ಜರ್ ಸಂಗೀತ ಪ್ರಶಸ್ತಿ ಸಿಕ್ಕಿದ್ದು ಟ್ರಂಪೆಟ್ ವಾದಕ ವಡಾಡಾ ಲಿಯೊ ಸ್ಮಿತ್ ಅವರಿಗೆ ಅರ್ಪಿಸಿದ ಕೃತಿಗೆ. ಆ ಸ್ಮಿತ್ ಮತ್ತು ಅಯ್ಯರ್ ಇಬ್ಬರೇ ಕೂತು ನುಡಿಸಿದ ಆಲ್ಬಮ್ 2016ರಲ್ಲೇ ಬಂದಿದೆ. ಇತ್ತ ಇಸ್ಮಾಯಿಲಿ ಹೆಸರು ಹಿಡಿದರೆ ಗಿಟಾರಿಸ್ಟ್ ಮಾರ್ಕ್ ರಿಬೋ ಅವರ ‘ಸೆರಾಮಿಕ್ ಡಾಗ್’ ಎಂಬ ಒರಟು ರಾಕ್ ತ್ರಿವಳಿಗೆ ಹೋಗಿ ಬೀಳುತ್ತೀರಿ. ಮೆಲ್ಲನೆಯ ಉರ್ದು ಗಾಯನದಿಂದ ಹೊರಟವರನ್ನು ಯಾವ ಆ್ಯಪ್ ತಾನಾಗಿ ಅಲ್ಲಿಗೆ ಕರೆದೊಯ್ದೀತು?

ಈ ಕೊಂಡಿಗಳನ್ನು ಹುಡುಕಲು ಡಿಸ್ಕಾಗ್ಸ್ ಮತ್ತು ಮ್ಯೂಸಿಕ್‌ಬ್ರೈನ್ಜ್ ಎಂಬ ಎರಡು ಆಲ್ಬಮ್ ಮಾಹಿತಿ ತಾಣಗಳನ್ನೂ ಬಳಸುತ್ತೇನೆ. ಡಿಸ್ಕಾಗ್ಸ್‌ನಲ್ಲಿ ಒಬ್ಬ ವಾದಕನ ಪುಟಕ್ಕೆ ಹೋಗಿ ‘ಕ್ರೆಡಿಟ್ಸ್’ ವಿಭಾಗ ತೆರೆದರೆ, ಸ್ವಂತ ಹೆಸರಿನ ಆಲ್ಬಮ್‌ಗಳ ಆಚೆ ಇತರರಿಗಾಗಿ ನುಡಿಸಿದ್ದೂ ಕಾಣುತ್ತದೆ. ಹಾಗೆ ಸಿಕ್ಕಿದ್ದರಲ್ಲಿ ಎರಡೆರಡು ಪರಿಚಿತ ಹೆಸರು ಸೇರಿರುವ ಆಲ್ಬಮ್ ಮೊದಲು, ಒಂದೇ ಹೆಸರಿರುವುದು ಆಮೇಲೆ. ಒಂದೇ ಹೆಸರೆಂದರೆ ಬಾಡಿಗೆಗೆ ನುಡಿಸಿ ಬಂದದ್ದೂ ಇರಬಹುದು. ಎರಡು ಹೆಸರು ಮತ್ತೆ ಮತ್ತೆ ಜೊತೆಯಾದರೆ ಅಲ್ಲಿ ಏನೋ ಹೊಂದಾಣಿಕೆ ಇದೆ ಅಂತಲೇ ಅರ್ಥ.

ಆಲ್ಬಮ್‌ಗಳನ್ನು ಕೊಳ್ಳಬಹುದಾದ ಬ್ಯಾಂಡ್‌ಕ್ಯಾಂಪ್ ತಾಣದಲ್ಲಿ ಇನ್ನೊಂದು ಒಳದಾರಿ ಇದೆ. ಆಲ್ಬಮ್ ಪುಟದಲ್ಲಿ ಅದನ್ನು ಕೊಂಡವರ ಪುಟ್ಟ ಚಿತ್ರಗಳು ಕಾಣುತ್ತವೆ. ಒಂದನ್ನು ಒತ್ತಿದರೆ ಆ ವ್ಯಕ್ತಿಯ ಇಡೀ ಸಂಗ್ರಹ ತೆರೆಯುತ್ತದೆ. ನನಗೆ ಇಷ್ಟವಾದ, ಅಷ್ಟೇನೂ ಪ್ರಸಿದ್ಧವಲ್ಲದ ಎರಡು ಆಲ್ಬಮ್‌ಗಳನ್ನು ಆರಿಸಿ, ಎರಡನ್ನೂ ಕೊಂಡ ಒಬ್ಬರು ಸಿಗುವ ತನಕ ನೋಡುತ್ತೇನೆ. ಸಿಕ್ಕರೆ ಅವರ ಸಂಗ್ರಹ ಒಂದು ತಿಂಗಳಿಗೆ ಸಾಕು. ಪ್ರಸಿದ್ಧ ಆಲ್ಬಮ್ ಹಿಡಿದು ಈ ಕೆಲಸ ಮಾಡಿದರೆ ಉಪಯೋಗವಿಲ್ಲ, ಅದನ್ನು ಕೊಂಡವರ ಅಭಿರುಚಿಗಳು ಚೆಲ್ಲಾಪಿಲ್ಲಿಯಾಗಿರುತ್ತವೆ. ದುಡ್ಡು ಕೊಟ್ಟು ಕೊಂಡದ್ದಕ್ಕೂ ‘ಲೈಕ್’ ಒತ್ತಿದ್ದಕ್ಕೂ ತೂಕದಲ್ಲಿ ಬಹಳ ವ್ಯತ್ಯಾಸ ಇದೆ.

ಇನ್ನು ಕೇಳುವ ವಿಷಯ. ಕೂರುವ ಮೊದಲು ಆ್ಯಪ್‌ನಲ್ಲಿ ನಾಲ್ಕು ಸೆಟ್ಟಿಂಗ್ ನೋಡಿಕೊಳ್ಳುತ್ತೇನೆ. ಶಫಲ್ (ಹಾಡುಗಳ ಕ್ರಮ ಕಲಸುವುದು) ಆಫ್. ಕ್ರಾಸ್‌ಫೇಡ್ (ಒಂದು ಹಾಡಿನ ಕೊನೆಯನ್ನು ಮುಂದಿನದರ ಮೊದಲಿಗೆ ಬೆರೆಸುವುದು) ಸೊನ್ನೆ. ಗ್ಯಾಪ್‌ಲೆಸ್ (ಹಾಡುಗಳ ನಡುವೆ ಬಿಡುವಿಲ್ಲದೆ ನುಡಿಸುವುದು) ಆನ್. ಆಟೊಪ್ಲೇ ಆಫ್, ಇದು ಆನ್ ಇದ್ದರೆ ಆಲ್ಬಮ್ ಮುಗಿದದ್ದೇ ತಿಳಿಯದೆ ಯಾರದೋ ಹಾಡು ಅದೇ ಆಲ್ಬಮಿನ ಖಾತೆಗೆ ಜಮೆಯಾಗಿಬಿಡುತ್ತದೆ. ಗ್ಯಾಪ್‌ಲೆಸ್ ಬಗ್ಗೆ ಒಂದು ಮಾತು. ಎಂಪಿ3 ಫೈಲು 1152 ಸ್ಯಾಂಪಲ್‌ಗಳ (ದನಿಯ ಅಳತೆಗಳ) ತುಂಡುಗಳಲ್ಲಿ ಕಟ್ಟಲ್ಪಡುತ್ತದೆ, ಅಂದರೆ ಸಿಡಿ ಗುಣಮಟ್ಟದಲ್ಲಿ ಸುಮಾರು 26 ಮಿಲಿಸೆಕೆಂಡು. ಹಾಡು ತುಂಡಿನ ಮಧ್ಯದಲ್ಲಿ ಮುಗಿದರೆ ಉಳಿದ ಜಾಗಕ್ಕೆ ಮೌನ ತುಂಬುತ್ತಾರೆ. ಪ್ಲೇಯರ್ ಅದನ್ನು ಕತ್ತರಿಸದಿದ್ದರೆ ಒಂದರಿಂದೊಂದಕ್ಕೆ ಹರಿಯುವ ಹಾಡುಗಳ ನಡುವೆ ‘ಟಕ್’ ಎಂಬ ಬಿಕ್ಕಳಿಕೆ ಕೇಳುತ್ತದೆ. ಗುಣಮಟ್ಟ ಕಳೆಯದೆ ಕುಗ್ಗಿಸುವ ಫ್ಲ್ಯಾಕ್ ಫೈಲಿನಲ್ಲಿ ಈ ತಾಪತ್ರಯವಿಲ್ಲ.

ವಾಲ್ಯೂಮ್ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಎರಡು ರೆಕಾರ್ಡಿಂಗ್ ಹೋಲಿಸುವಾಗ ಒಂದು ಡೆಸಿಬಲ್‌ನಷ್ಟು ಜೋರಿರುವುದೂ ‘ಜೋರು’ ಅನ್ನಿಸುವುದಿಲ್ಲ, ‘ಚೆನ್ನಾಗಿದೆ’ ಅನ್ನಿಸುತ್ತದೆ. ಅದಕ್ಕೇ ನಾರ್ಮಲೈಸೇಶನ್ (ದನಿಮಟ್ಟವನ್ನು ಸರಿಸಮ ಮಾಡುವ ಸೆಟ್ಟಿಂಗ್) ಆನ್ ಇಡುತ್ತೇನೆ. ಸ್ಪಾಟಿಫೈ ಸಾಮಾನ್ಯವಾಗಿ ಮೈನಸ್ 14 ಎಲ್‌ಯುಎಫ್‌ಎಸ್ (ದನಿಯ ಜೋರನ್ನು ಅಳೆಯುವ ಮಾನ) ಮಟ್ಟಕ್ಕೆ ತರುತ್ತದೆ. ಆಲ್ಬಮನ್ನು ಆಲ್ಬಮ್ಮಾಗಿಯೇ ನುಡಿಸಿದರೆ ಎಲ್ಲ ಹಾಡಿಗೂ ಒಂದೇ ತಿದ್ದುಪಡಿ ಅನ್ವಯವಾಗುವುದರಿಂದ ಮೆಲುದನಿಯ ಹಾಡು ಮೆಲುವಾಗಿಯೇ ಉಳಿಯುತ್ತದೆ. ಅದೇ ಹಾಡುಗಳನ್ನು ಪ್ಲೇಲಿಸ್ಟಿಗೆ ಹಾಕಿದರೆ ಒಂದೊಂದನ್ನೂ ಬೇರೆಬೇರೆಯಾಗಿ ಸರಿದೂಗಿಸುತ್ತದೆ, ಪಿಸುಮಾತಿಗೂ ಅಬ್ಬರಕ್ಕೂ ಇದ್ದ ಅಂತರ ಹೋಗುತ್ತದೆ. ಆಲ್ಬಮ್ ಶಿಫಾರಸನ್ನು ಪ್ಲೇಲಿಸ್ಟ್ ಮಾಡಿ ಕಳಿಸಬಾರದು ಎನ್ನುವುದಕ್ಕೆ ಇದೊಂದೇ ಕಾರಣ ಸಾಕು.

ತೀರಾ ಕಡಿಮೆ ವಾಲ್ಯೂಮಿನಲ್ಲಿ ತೀರ್ಪು ಕೊಡುವುದೂ ತಪ್ಪು. ದನಿ ತಗ್ಗಿಸಿದಂತೆ ಕಿವಿಗೆ ಮಂದ್ರವೇ ಮೊದಲು ಮಾಯವಾಗುತ್ತದೆ. ವಿಜ್ಞಾನಿಗಳಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದರು. ‘ಬೇಸ್ ಇಲ್ಲ, ತೆಳ್ಳಗಿದೆ’ ಎಂಬ ದೂರುಗಳಲ್ಲಿ ಅರ್ಧದಷ್ಟು ರಾತ್ರಿ ಮೆಲ್ಲಗೆ ಹಾಕಿ ಕೇಳಿದವರದು ಅಂತ ನನ್ನ ಗುಮಾನಿ.

ಮೊದಲ ಸಲ ಇಡೀ ಆಲ್ಬಮ್, ನಿಲ್ಲಿಸದೆ. ಕಾಗದದ ಮೇಲೆ ಬರೆಯುವುದು ಹಾಡಿನ ಸಂಖ್ಯೆ ಮತ್ತು ನಿಮಿಷ ಮಾತ್ರ: ‘4, 2:10’. ವಿಶೇಷಣ ಬರೆಯಲು ಹೋದರೆ ಮುಂದಿನ ಅರ್ಧ ನಿಮಿಷ ಕಿವಿಗೆ ಬೀಳುವುದಿಲ್ಲ. ಎರಡನೇ ಸಲ ಬೇರೆ ದಿನ, ಬೇರೆ ಸಾಧನದಲ್ಲಿ. ಹೆಡ್‌ಫೋನಿನಲ್ಲಿ ಕೇಳಿದ್ದನ್ನು ಸ್ಪೀಕರಿನಲ್ಲಿ. ಹೆಡ್‌ಫೋನಿನಲ್ಲಿ ಎಡಬಲಕ್ಕೆ ಹರಡಿ ಬೆರಗು ಹುಟ್ಟಿಸಿದ್ದು ಸ್ಪೀಕರಿನಲ್ಲಿ ಸಪ್ಪೆಯಾದರೆ, ಮೆಚ್ಚಿದ್ದು ಮಿಕ್ಸಿಂಗ್ ಚಮತ್ಕಾರವನ್ನೇ ಹೊರತು ಹಾಡನ್ನಲ್ಲ. ಮೂರನೇ ಸಲ ಸಾಹಿತ್ಯ, ಕ್ರೆಡಿಟ್ ಕೈಯಲ್ಲಿ ಹಿಡಿದು. ನಾಲ್ಕನೇ ಸಲಕ್ಕೆ ಹೋಗುವುದಿಲ್ಲ. ಮತ್ತೆ ಮತ್ತೆ ಎದುರಾದದ್ದು ಬರೀ ಆ ಕಾರಣಕ್ಕೇ ಇಷ್ಟವಾಗತೊಡಗುತ್ತದೆ ಎಂದು ಮನಶ್ಶಾಸ್ತ್ರಜ್ಞ ಝಯಾಂಕ್ 1968ರಲ್ಲಿ ತೋರಿಸಿದ್ದು ಸಂಗೀತಕ್ಕೂ ಸಲ್ಲುತ್ತದೆ. ಹತ್ತು ಸಲ ಕೇಳಿ ಇಷ್ಟವಾದದ್ದಕ್ಕೆ ನನ್ನ ಸಾಕ್ಷ್ಯ ದುರ್ಬಲ. ಮೂರನೇ ಸಲದಲ್ಲಿ ಮೊದಲೆರಡರಲ್ಲಿ ಸಿಗದ ಏನಾದರೂ ಸಿಕ್ಕಿತೇ ಎನ್ನುವುದೇ ನನ್ನ ಪರೀಕ್ಷೆ. ನಿಮಿಷ ಹೇಳಿ ತೋರಿಸಬಲ್ಲ ಎರಡು ಜಾಗಗಳಾದರೂ ಇಲ್ಲದಿದ್ದರೆ ಆ ಆಲ್ಬಮನ್ನು ಯಾರಿಗೂ ಹೇಳುವುದಿಲ್ಲ, ಸುಮ್ಮನೆ ನಾನು ಕೇಳಿಕೊಳ್ಳುತ್ತೇನೆ.

ಹಳೆಯ ಆಲ್ಬಮ್‌ಗಳನ್ನು ಹೊಸದಾಗಿ ಕಂಡುಕೊಳ್ಳುವವರಿಗೆ ಒಂದು ಸುಳಿವು. ಎಲ್‌ಪಿಯ, ಅಂದರೆ ಸೂಜಿಯಿಂದ ನುಡಿಸುವ ದೊಡ್ಡ ತಟ್ಟೆಯ, ಒಂದು ಬದಿಗೆ ಸುಮಾರು 22 ನಿಮಿಷ. ತಟ್ಟೆ ಒಂದೇ ವೇಗದಲ್ಲಿ ತಿರುಗಿದರೂ ಒಳಗಿನ ಸುತ್ತುಗಳಲ್ಲಿ ಸೂಜಿಯಡಿ ಸರಿಯುವ ಉದ್ದ ಕಡಿಮೆ, ಹಾಗಾಗಿ ತಾರಸ್ವರದ ವಿವರ ಅಲ್ಲಿ ಕೆಡುತ್ತದೆ. ಅದಕ್ಕೇ ಬದಿಯ ಕೊನೆಗೆ ಶಾಂತವಾದ ಹಾಡನ್ನು ಇಡುವ ರೂಢಿ ಬಂತು. ಸ್ಟ್ರೀಮಿಂಗ್‌ನಲ್ಲಿ ಐದನೇ ಹಾಡಿಗೆ ಆಲ್ಬಮ್ ಸುಸ್ತಾದಂತೆ, ಆರಕ್ಕೆ ಮತ್ತೆ ಎದ್ದು ಕುಳಿತಂತೆ ಅನ್ನಿಸಿದರೆ ಅಲ್ಲಿ ತಟ್ಟೆ ಮಗುಚುವ ಜಾಗ ಇತ್ತೇ ನೋಡಿ. ಅಲ್ಲಿ ಐದು ನಿಮಿಷ ಬಿಟ್ಟು ಮುಂದುವರಿಸಿದರೆ ಬೇರೆಯೇ ಆಲ್ಬಮ್.

ಈಗ ದಾಟಿಸುವುದು. ಒಬ್ಬರಿಗೆ ಒಂದು ಸಲಕ್ಕೆ ಒಂದೇ ಆಲ್ಬಮ್. ಐದು ಕಳಿಸಿದರೆ ಐದರ ಮೊದಲ ಹಾಡು ಮಾತ್ರ ಕೇಳುತ್ತಾರೆ. ನನ್ನ ಟಿಪ್ಪಣಿ ಸಾಮಾನ್ಯವಾಗಿ ಹೀಗಿರುತ್ತದೆ:

‘ಪ್ರಾಮಿಸಸ್, 2021. ಎಲೆಕ್ಟ್ರಾನಿಕ್ ಸಂಗೀತಗಾರ ಫ್ಲೋಟಿಂಗ್ ಪಾಯಿಂಟ್ಸ್, ಸ್ಯಾಕ್ಸೊಫೋನ್ ವಾದಕ ಫರೋ ಸ್ಯಾಂಡರ್ಸ್, ಲಂಡನ್ ಸಿಂಫನಿ ಆರ್ಕೆಸ್ಟ್ರಾ. ಲುವಾಕಾ ಬಾಪ್ ಲೇಬಲ್. 9 ಭಾಗ, ಒಟ್ಟು 46 ನಿಮಿಷ, ಆದರೆ ಇದು ಒಂದೇ ಕೃತಿ. ಮೊದಲಿನಿಂದಲೇ ಹಾಕು. ಏಳು ಸ್ವರಗಳ ಒಂದು ಚಿಕ್ಕ ಪಲುಕು ತಿರುಗಿ ತಿರುಗಿ ಬರುತ್ತದೆ, ಅದರ ಮೇಲೆ ಸ್ಯಾಕ್ಸ್ ಉಸಿರಾಡುತ್ತದೆ. 6ನೇ ಭಾಗದಲ್ಲಿ ತಂತಿವಾದ್ಯಗಳ ಉಬ್ಬರ ಬರುವ ತನಕ ಬಿಡಬೇಡ. ತಾಳ ಹಾಕಲು ಏನೂ ಸಿಗುವುದಿಲ್ಲ, ಡ್ರಮ್ಸ್ ಇಲ್ಲ. ಬಸ್ಸಿನಲ್ಲಿ ಕೇಳಬೇಡ, ಅರ್ಧ ಕೇಳಿಸುವುದೇ ಇಲ್ಲ.’

ಇದರಲ್ಲಿ ‘ಅದ್ಭುತ’ ಇಲ್ಲ ಎನ್ನುವುದನ್ನು ಗಮನಿಸಿ. ಹೊಗಳಿಕೆ ಕೇಳುಗನ ಮೇಲೆ ಹೊರಿಸುವ ಸಾಲ. ಆ ಮಟ್ಟಕ್ಕೆ ಅನ್ನಿಸದಿದ್ದರೆ ಅವರು ಸಂಕೋಚದಿಂದ ಸುಮ್ಮನಾಗುತ್ತಾರೆ, ಮುಂದಿನ ಲಿಂಕನ್ನೂ ತೆರೆಯುವುದಿಲ್ಲ. ‘ಇಂಥವರ ಥರ ಇದೆ’ ಎಂಬ ಹೋಲಿಕೆಯೂ ಅಷ್ಟೇ ಅಪಾಯ. ಕೇಳುವವರು ಆ ‘ಇಂಥವರನ್ನು’ ಹುಡುಕುತ್ತಾ ಕೂರುತ್ತಾರೆ. ಲಯ ನಿಧಾನವೋ ವೇಗವೋ, ಮಾತಿದೆಯೋ ಇಲ್ಲವೋ, ಯಾವ ವಾದ್ಯ ಮುಂದೆ ನಿಂತಿದೆ, ಎಷ್ಟು ಗದ್ದಲ, ಎಷ್ಟು ಉದ್ದ, ಇಷ್ಟು ಹೇಳಿದರೆ ಅವರವರ ಕಿವಿ ತಾನೇ ತೀರ್ಮಾನಿಸುತ್ತದೆ.

ಬಾಗಿಲ ಹಾಡಿನ, ಅಂದರೆ ಕೇಳುವವರು ಮೊದಲು ಹಿಡಿಯಬೇಕಾದ ಹಾಡಿನ, ಆಯ್ಕೆಯಲ್ಲಿ ಸಿಂಗಲ್ (ಬಿಡಿಯಾಗಿ ಬಿಡುಗಡೆಯಾದದ್ದು) ಆಗಿ ಬಂದ ಹಾಡನ್ನು ಬಹುಮಟ್ಟಿಗೆ ತಪ್ಪಿಸುತ್ತೇನೆ. ಸಿಂಗಲ್ ಹೆಚ್ಚಾಗಿ ಆಲ್ಬಮಿನಲ್ಲೇ ಎಲ್ಲಕ್ಕಿಂತ ಚುರುಕಾದ ಹಾಡು. ಅದನ್ನು ಮೆಚ್ಚಿ ಒಳಗೆ ಬಂದವರಿಗೆ ಉಳಿದ ಒಂಬತ್ತೂ ಮಂಕಾಗಿ ಕಾಣುತ್ತವೆ. ಆಲ್ಬಮಿನ ಸರಾಸರಿ ಮನೋಧರ್ಮದ ಹಾಡೇ ಒಳ್ಳೆಯ ಬಾಗಿಲು. ಹಿಂದೂಸ್ತಾನಿ ಖಯಾಲ್ ಧ್ವನಿಮುದ್ರಿಕೆಗಳಲ್ಲಿ ಕೆಲವೊಮ್ಮೆ ಒಂದೇ ರಾಗ ಐವತ್ತು ನಿಮಿಷದ ಒಂದೇ ಟ್ರ್ಯಾಕಿನಲ್ಲಿರುತ್ತದೆ. ಹೊಸಬರಿಗೆ ದ್ರುತ್ (ವೇಗದ ಭಾಗ) ಶುರುವಾಗುವ ನಿಮಿಷವನ್ನು ಬರೆದು ಕೊಡುತ್ತೇನೆ, ಬಂದಿಶ್ (ಹಾಡಿನ ರಚನೆ) ಕಿವಿಗೆ ಹತ್ತಿದ ಮೇಲೆ ವಿಳಂಬಿತ್‌ಗೆ, ಅಂದರೆ ಮೊದಲಿನ ನಿಧಾನದ ಭಾಗಕ್ಕೆ, ಹಿಂದಿರುಗಲಿ ಅಂತ. ಕ್ರಮ ತಪ್ಪಿಸಿದ್ದಕ್ಕೆ ಬಲ್ಲವರು ಬೈದರೆ ಬೈಯಲಿ, ರಾಗದ ನಡಿಗೆ ಒಮ್ಮೆ ಪರಿಚಯವಾದರೆ ವಿಳಂಬಿತ್ ಬೇಸರ ತರುವುದಿಲ್ಲ.

ಕಳಿಸಿದ ಮೇಲೆ ‘ಹೇಗಿತ್ತು?’ ಅಂತ ಕೇಳಬೇಡಿ. ‘ಚೆನ್ನಾಗಿತ್ತು’ ಎಂಬ ಉತ್ತರದಿಂದ ಏನೂ ತಿಳಿಯುವುದಿಲ್ಲ. ‘ಎಲ್ಲಿಗೆ ನಿಲ್ಲಿಸಿದೆ?’ ಅಂತ ಕೇಳಿ. ಎರಡನೇ ಹಾಡಿಗೆ ನಿಂತಿದ್ದರೆ ಬಾಗಿಲು ತಪ್ಪು. ಏಳಕ್ಕೆ ನಿಂತಿದ್ದರೆ ಆಲ್ಬಮ್ ಉದ್ದವಾಯಿತು, ಮುಂದಿನ ಸಲ 35 ನಿಮಿಷದ್ದು ಕೊಡಬೇಕು. ಶುರುವೇ ಮಾಡದಿದ್ದರೆ ಹೊತ್ತು ತಪ್ಪು, ಇಲ್ಲವೇ ನಾನೇ ಬಹಳ ಕಳಿಸಿಬಿಟ್ಟಿದ್ದೇನೆ. ಇದನ್ನೆಲ್ಲ ಒಂದು ಸಾದಾ ಫೈಲಿನಲ್ಲಿ ಆಲ್ಬಮಿಗೆ ಒಂದು ಸಾಲಿನಂತೆ ಬರೆದಿಡುತ್ತೇನೆ.

ಕೊನೆಯದಾಗಿ ಆವೃತ್ತಿಯ ಗೊಂದಲ. ಲಿಂಕನ್ನೇ ನಂಬಬೇಡಿ, ಪರವಾನಗಿ ಬದಲಾದರೆ ಅದು ಸತ್ತುಹೋಗುತ್ತದೆ, ಒಂದು ದೇಶದಲ್ಲಿ ತೆರೆಯುವುದು ಇನ್ನೊಂದರಲ್ಲಿ ತೆರೆಯದೆಯೂ ಇರಬಹುದು. ಹೆಸರು, ಕಲಾವಿದ, ಲೇಬಲ್, ವರ್ಷ ನಾಲ್ಕನ್ನೂ ಬರೆದರೆ ಯಾವ ಆ್ಯಪ್‌ನಲ್ಲಾದರೂ ಹುಡುಕಿಕೊಳ್ಳಬಹುದು. ರೀಮಾಸ್ಟರ್ (ದನಿಯನ್ನು ಹೊಸದಾಗಿ ಹದಗೊಳಿಸಿದ್ದು) ಮತ್ತು ಡಿಲಕ್ಸ್ (ಹೆಚ್ಚುವರಿ ಹಾಡು ಸೇರಿಸಿದ್ದು) ಆವೃತ್ತಿಗಳು ಇದ್ದರೆ ನಾನು ಕೇಳಿದ್ದು ಯಾವುದು ಎಂದು ಹೇಳುತ್ತೇನೆ. ಡಿಲಕ್ಸ್ ಮಾತ್ರ ಸಿಗುವ ಕಡೆ ಮೂಲ ಆಲ್ಬಮ್ ಎಷ್ಟನೇ ಹಾಡಿಗೆ ಮುಗಿಯುತ್ತದೆ ಎಂದು ಡಿಸ್ಕಾಗ್ಸ್‌ನಲ್ಲಿ ನೋಡಿ, ‘10ಕ್ಕೆ ನಿಲ್ಲಿಸು, ಮುಂದಿನದು ಡೆಮೊ’ ಎಂದು ಟಿಪ್ಪಣಿಯ ಕೊನೆಗೆ ಸೇರಿಸುತ್ತೇನೆ.