ಆ್ಯಪ್‌ನಲ್ಲಿ ಮನ್ಸೂರರನ್ನು ಹುಡುಕುವ ಕಷ್ಟ, ನಾನು ಕಂಡುಕೊಂಡ ದಾರಿ

ಮ್ಯೂಸಿಕ್ ಆ್ಯಪ್‌ನಲ್ಲಿ ಖಟ್ ರಾಗ ಹುಡುಕಿ ನೋಡಿ. ಇಂಗ್ಲಿಷ್ ಅಕ್ಷರದಲ್ಲಿ ಕೆ, ಎಚ್, ಎ, ಟಿ ಅಂತ ಒತ್ತಿದರೆ ಸಾಲಾಗಿ ಬರುವುದು ಪ್ರೇಮಪತ್ರದ ಹಾಡುಗಳು. ಹಿಂದಿಯಲ್ಲಿ ಪತ್ರಕ್ಕೆ ಖತ್ ಅಂತಾರಲ್ಲ, ಅದರ ಸ್ಪೆಲಿಂಗೂ ಇದೇ. ದುರ್ಗಾ ಅಂದರೆ ದೇವಿ ಸ್ತುತಿ, ಕೇದಾರ ಅಂದರೆ ಕೇದಾರನಾಥನ ಭಜನೆ, ಭೈರವ ಅಂದರೆ ಕಾಲಭೈರವಾಷ್ಟಕ. ಶ್ರೀ ರಾಗವನ್ನಂತೂ ಕೇಳಲೇಬೇಡಿ. ‘ಶ್ರೀ’ ಇಲ್ಲದ ಭಕ್ತಿಗೀತೆ ಎಲ್ಲಿದೆ ಹೇಳಿ?

ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರ ಹಾಡಿಕೆ ಎಲ್ಲೆಲ್ಲಿ ಇದೆಯೋ ಹುಡುಕಿ ಒಂದು ಕಡೆ ಪಟ್ಟಿ ಮಾಡುವ ಹುಚ್ಚು ನನಗೆ ಹಿಡಿದು ಬಹಳ ಕಾಲವಾಯಿತು. ಅವರು ಜೈಪುರ ಅತ್ರೌಲಿ ಘರಾಣೆಯವರು, ಅಂದರೆ ಆ ಗಾಯನ ಪರಂಪರೆಯವರು, ಮಂಜಿ ಖಾನ್ ಮತ್ತು ಭುರ್ಜಿ ಖಾನ್ ಹತ್ತಿರ ಕಲಿತವರು. ಬೇರೆಯವರು ಅಪ್ಪಿತಪ್ಪಿ ಮುಟ್ಟುವ ರಾಗಗಳನ್ನು ಅವರು ದಿನನಿತ್ಯದ ಮಾತಿನಷ್ಟು ಸಲೀಸಾಗಿ ಹಾಡುತ್ತಿದ್ದರು. ಶಿವಮತ ಭೈರವ, ಬಹಾದುರಿ ತೋಡಿ, ಖಟ್, ಏಕ ನಿಷಾದ ಬಿಹಾಗಡಾ, ಹೀಗೆ. ಅಂಥವರನ್ನು ಹುಡುಕುವಾಗ ಆ್ಯಪ್‌ನ ಬಂಡವಾಳ ಬೇಗ ಬಯಲಾಗುತ್ತದೆ. ಇಷ್ಟು ದಿನದಲ್ಲಿ ನನಗೆ ನಿಜವಾಗಿ ಕೆಲಸಕ್ಕೆ ಬಂದ ಉಪಾಯ ಒಂದೇ: ಪ್ರಸಿದ್ಧ ಹೆಸರನ್ನು ಬಿಡಿ, ಬೇರೆ ಎಲ್ಲೂ ಸಿಗದ ಮಾತು ಯಾವುದಿದೆಯೋ ಅದನ್ನು ಟೈಪ್ ಮಾಡಿ.

ಖಟ್ ರಾಗಕ್ಕೆ ಆ ಮಾತು ‘ವಿದ್ಯಾಧರ ಗುನಿಯನ’. ಅದು ಬಂದಿಶ್‌ನ, ಅಂದರೆ ಆ ರಾಗದಲ್ಲಿ ಹಾಡುವ ಚೀಜಿನ ಸಾಹಿತ್ಯದ, ಮೊದಲ ಸಾಲು. ಅದನ್ನು ಹಾಕಿದರೆ ಪ್ರೇಮಪತ್ರಗಳೆಲ್ಲ ಮಾಯ. ಬಿಹಾಗಡಾಕ್ಕೆ ‘ಪ್ಯಾರಿ ಪಗ’ ಸಾಕು. ಒಂದೇ ಬಂದಿಶನ್ನು ಆ ಘರಾಣೆಯ ಬೇರೆಯವರೂ ಹಾಡಿರುತ್ತಾರೆ, ಹಾಗಾಗಿ ಕೇಸರಬಾಯಿ ಕೇರ್ಕರ್ ಕೂಡ ಜೊತೆಗೆ ಸಿಗುತ್ತಾರೆ. ಅದು ಬೋನಸ್ ಅಂದುಕೊಳ್ಳಿ.

ಈ ತೊಂದರೆ ಯಾಕೆ ಅಂದರೆ ಆ್ಯಪ್‌ಗಳ ಒಳಗಿನ ಕಪಾಟು ಸಿನಿಮಾ ಹಾಡಿನ ಅಳತೆಗೆ ಮಾಡಿಸಿದ್ದು. ಹಾಡು, ಹಾಡಿದವರು, ಆಲ್ಬಮ್, ಮುಗಿಯಿತು. ನಮಗೆ ಬೇಕಾದ ರಾಗ, ತಾಳ, ಬಂದಿಶ್, ಪಕ್ಕವಾದ್ಯ, ಯಾವ ಊರಿನ ಕಛೇರಿ, ಯಾವ ವರ್ಷ, ಇದಕ್ಕೆಲ್ಲ ಅಲ್ಲಿ ಖಾನೆಯೇ ಇಲ್ಲ. ಅಪ್ಲೋಡ್ ಮಾಡಿದವರು ತಮಗೆ ತೋಚಿದ್ದನ್ನೆಲ್ಲ ಶೀರ್ಷಿಕೆಯಲ್ಲೇ ತುರುಕುತ್ತಾರೆ, ಅಥವಾ ಸುಮ್ನೆ ‘ವಿಲಂಬಿತ್’ (ನಿಧಾನ ಲಯ) ಅಂತ ಹಾಕಿ ಕೈತೊಳೆದುಕೊಳ್ಳುತ್ತಾರೆ. ಕರ್ನಾಟಕ ಸಂಗೀತದ ಕಛೇರಿಯಾದರೆ ‘ರಾಗಂ ತಾನಂ ಪಲ್ಲವಿ’ ಅಂತ ಇರುತ್ತದೆ, ಯಾವ ರಾಗ ಅನ್ನುವುದು ಮಾತ್ರ ಇರುವುದಿಲ್ಲ! ಸಂಯೋಜಕರ ಖಾನೆ ಇದ್ದ ಕಡೆಯೂ ಪುರಂದರದಾಸರ ಎಷ್ಟೋ ಪದಗಳಿಗೆ ‘ಟ್ರಡಿಷನಲ್’ ಅಂತ ಬರೆದಿರುತ್ತಾರೆ. ಮೈಸೂರು ವಾಸುದೇವಾಚಾರ್ಯರು 1961ರವರೆಗೆ ಇದ್ದವರು. ಅವರ ‘ಬ್ರೋಚೇವಾರೆವರುರಾ’ ಎದುರಿಗೆ ತ್ಯಾಗರಾಜರ ಹೆಸರಿರುವುದನ್ನು ನಾನೇ ನೋಡಿದ್ದೇನೆ. ಈ ಕೃತಿಗೆ ಇನ್ನೊಂದು ಗ್ರಹಚಾರವಿದೆ. 2019ರಲ್ಲಿ ಇದೇ ಹೆಸರಿನ ತೆಲುಗು ಸಿನಿಮಾ ಬಂತು, ಹಾಗಾಗಿ ಮೊದಲ ಸಾಲಿನ ಉಪಾಯ ಇಲ್ಲಿ ನಡೆಯುವುದಿಲ್ಲ. ಜೊತೆಗೆ ಅದರ ರಾಗದ ಹೆಸರು ‘ಖಮಾಸ್’ ಅಂತ ಸೇರಿಸಬೇಕು.

ಸ್ಪೆಲಿಂಗ್ ವಿಷಯಕ್ಕೆ ಬಂದರೆ ತಲೆ ಕೆಡುತ್ತದೆ. ತೆಂಕಣದವರು ‘ತ’ಕ್ಕೆ ಟಿ ಮತ್ತು ಎಚ್ ಎರಡೂ ಹಾಕುತ್ತಾರೆ, ಬಡಗಣದವರು ಬರೀ ಟಿ. ಹಾಗಾಗಿ ತೋಡಿ ಎರಡು ರೀತಿ. ಅದರ ಮೇಲೆ ಹಿಂದೂಸ್ತಾನಿ ತೋಡಿಯೇ ಬೇರೆ, ಕರ್ನಾಟಕದ ತೋಡಿಯೇ ಬೇರೆ. ನಮ್ಮ ತೋಡಿಯ ಸ್ವರಗಳು ಅವರ ಭೈರವಿಗೆ ಹತ್ತಿರ. ಆ್ಯಪ್ ತಾನಾಗಿಯೇ ಮಾಡಿಕೊಡುವ ‘ತೋಡಿ’ ಪಟ್ಟಿಯಲ್ಲಿ ಇವೆರಡೂ ಒಂದರ ಹಿಂದೆ ಒಂದು ಬರುತ್ತವೆ, ಕೇಳುವವರ ಕಿವಿ ಕಂಗಾಲು. ಇನ್ನು ಮನ್ಸೂರರ ಹೆಸರು ಯು ಹಾಕಿ ಒಂದು, ಎರಡು ಓ ಹಾಕಿ ಒಂದು, ಮೊದಲಿಗೆ ‘ಪಂಡಿತ್’ ಸೇರಿಸಿ ಇನ್ನೊಂದು. ಆ್ಯಪ್ ಇವರನ್ನು ಬೇರೆ ಬೇರೆ ಕಲಾವಿದರು ಅಂತಲೇ ತಿಳಿದುಕೊಂಡಿರುತ್ತದೆ, ಒಂದು ಪುಟದಲ್ಲಿರುವುದು ಇನ್ನೊಂದರಲ್ಲಿ ಇಲ್ಲ. ಆರ್. ಕೆ. ಶ್ರೀಕಂಠನ್ ಥರ ಇನಿಷಿಯಲ್ ಇರುವವರದ್ದು ಇನ್ನೂ ಕಷ್ಟ. ಚುಕ್ಕಿ ಇಟ್ಟರೆ ಒಂದು ಫಲಿತಾಂಶ, ಜಾಗ ಬಿಟ್ಟರೆ ಇನ್ನೊಂದು. ನಾನು ಮಾಡುವುದು ಇಷ್ಟೇ, ಪದವನ್ನು ಪೂರ್ತಿ ಟೈಪ್ ಮಾಡುವುದಿಲ್ಲ. ಬಾಗೇಶ್ರೀ ಬೇಕಿದ್ದರೆ ಬಿ, ಎ, ಜಿ, ಇ, ಎಸ್ ಹಾಕಿ ನಿಲ್ಲಿಸುತ್ತೇನೆ. ಬಾಲ ಹೇಗೇ ಇರಲಿ, ತಲೆ ಒಂದೇ ಅಲ್ವಾ. ಕನ್ನಡ ಲಿಪಿಯಲ್ಲಿ ಹಾಕಿದರೆ ಸಿಗುವುದು ತೀರಾ ಕಡಿಮೆ, ಆದರೂ ವಚನಗಳಿಗೆ ಒಂದು ಸಲ ಹಾಕಿ ನೋಡುವುದರಲ್ಲಿ ತಪ್ಪಿಲ್ಲ.

ದೊಡ್ಡವರ ಹೆಸರಿನಲ್ಲಿ ಸಭಾಂಗಣ, ಉತ್ಸವ ಮಾಡಿದರೆ ಆ್ಯಪ್‌ನಲ್ಲಿ ಅವರೇ ಕಳೆದುಹೋಗುತ್ತಾರೆ. ಕುಂದಗೋಳದ ಸವಾಯಿ ಗಂಧರ್ವರನ್ನು ಹುಡುಕಿದರೆ ಪುಣೆಯ ಉತ್ಸವದಲ್ಲಿ ಯಾರ್ಯಾರೋ ಹಾಡಿದ್ದು ಬರುತ್ತದೆ. ಪಿಟೀಲು ವಿದ್ವಾಂಸ ಚೌಡಯ್ಯನವರನ್ನು ಹುಡುಕಿದರೆ ಬೆಂಗಳೂರಿನ ಪಿಟೀಲಿನ ಆಕಾರದ ಹಾಲ್‌ನಲ್ಲಿ ನಡೆದ ಕಛೇರಿಗಳು. ಗಂಗೂಬಾಯಿ ಹಾನಗಲ್ ಅವರದ್ದು ಇನ್ನೂ ಸ್ವಾರಸ್ಯ. ಅವರ ಆರಂಭದ 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು ತಿರುಗುವ) ಗ್ರಾಮಫೋನ್ ಪ್ಲೇಟುಗಳ ಮೇಲೆ ಇದ್ದ ಹೆಸರು ಗಾಂಧಾರಿ. ಆಗಿನ ದನಿಯೂ ಬೇರೆ, ತೆಳುವಾದ ಏರುದನಿ. ನಮಗೆ ಪರಿಚಯವಿರುವ ಆ ಗಡಸು ದನಿ ಗಂಟಲಿನ ಚಿಕಿತ್ಸೆಯ ನಂತರದ್ದು. ಗಂಗೂಬಾಯಿ ಅಂತ ಎಷ್ಟು ಹುಡುಕಿದರೂ ಆ ಪ್ಲೇಟುಗಳು ಸಿಗದೇ ಹೋಗಬಹುದು, ಬರೀ ಗಾಂಧಾರಿ ಅಂದರೆ ಮಹಾಭಾರತ ಶುರುವಾಗುತ್ತದೆ. ಗಾಂಧಾರಿ ಮತ್ತು ಹುಬ್ಬಳ್ಳಿ ಎರಡನ್ನೂ ಸೇರಿಸಿ ಹುಡುಕಿ.

ಸಿಕ್ಕ ಮೇಲೆ ಅದು ಯಾವ ರೆಕಾರ್ಡಿಂಗ್ ಅಂತ ತಿಳಿಯುವುದು ಎರಡನೇ ಕೆಲಸ. ಆ್ಯಪ್ ತೋರಿಸುವ ವರ್ಷವನ್ನು ನಾನು ನಂಬುವುದೇ ಇಲ್ಲ, ಅದು ಜಾಸ್ತಿ ಸಲ ಡಿಜಿಟಲ್ ಆಗಿ ಹಾಕಿದ ವರ್ಷ. 1992ರಲ್ಲಿ ತೀರಿಕೊಂಡ ಮನ್ಸೂರರದ್ದು ‘ಹೊಸ ಬಿಡುಗಡೆ’ ಅಂತ ನೋಟಿಫಿಕೇಶನ್ ಬಂದರೆ ನಗಬೇಕೋ ಅಳಬೇಕೋ. ಅದರ ಬದಲು ಅವಧಿ ನೋಡಿ. ಮೂರು ಚಿಲ್ಲರೆ ನಿಮಿಷವಿದ್ದರೆ 78 ಆರ್‌ಪಿಎಂ ಪ್ಲೇಟಿನಿಂದ ಬಂದದ್ದು, ಆ ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದದ್ದೇ ಅಷ್ಟು. ಇಪ್ಪತ್ತು ನಿಮಿಷದ ಆಸುಪಾಸಿದ್ದರೆ ಎಲ್‌ಪಿಯ, ಅಂದರೆ ಲಾಂಗ್ ಪ್ಲೇ ಪ್ಲೇಟಿನ, ಒಂದು ಮಗ್ಗುಲು ಇರಬಹುದು. ಮುಕ್ಕಾಲು ಗಂಟೆ ಇದ್ದರೆ ಕಛೇರಿಯದ್ದೋ ರೇಡಿಯೋದ್ದೋ ಇರುವ ಸಂಭವ ಹೆಚ್ಚು. ಒಂದೇ ರೆಕಾರ್ಡಿಂಗನ್ನು ‘ಬೆಳಗಿನ ರಾಗಗಳು’, ‘ಧ್ಯಾನಕ್ಕೆ ಸಂಗೀತ’ ಅಂತ ಹತ್ತಾರು ಆಲ್ಬಮ್‌ಗಳಲ್ಲಿ ಹಾಕಿರುತ್ತಾರೆ. ಸೆಕೆಂಡು ಸಮೇತ ಅವಧಿ ತಾಳೆಯಾದರೆ ಹೆಚ್ಚುಪಾಲು ಅದೇ ಇದು. ಆಲ್ಬಮ್ ಪುಟದ ಕೆಳತುದಿಯಲ್ಲಿ ವೃತ್ತದೊಳಗೆ ಪಿ ಅಕ್ಷರ ಹಾಕಿ ಕಂಪನಿಯ ಹೆಸರು ಸಣ್ಣದಾಗಿ ಬರೆದಿರುತ್ತದೆ, ಹಳೆಯ ವರ್ಷ ಕೆಲವೊಮ್ಮೆ ಅಲ್ಲಿ ಉಳಿದಿರುತ್ತದೆ. ಕವರ್ ಚಿತ್ರವನ್ನೂ ದೊಡ್ಡದು ಮಾಡಿ ನೋಡಿ. ಹಳೆಯ ಎಲ್‌ಪಿಯ ಹೊದಿಕೆಯನ್ನೇ ಸ್ಕ್ಯಾನ್ ಮಾಡಿ ಹಾಕಿದ್ದರೆ ಮೂಲೆಯಲ್ಲಿ ತಬಲ, ಹಾರ್ಮೋನಿಯಂ ಯಾರದ್ದು ಅಂತ ಇರುತ್ತದೆ. ಆ್ಯಪ್‌ನ ಖಾನೆಯಲ್ಲಿ ಇಲ್ಲದ ಹೆಸರು ಚಿತ್ರದಲ್ಲಿ ಸಿಕ್ಕಾಗ ಆಗುವ ಖುಷಿಯೇ ಬೇರೆ.

ಪಶ್ಚಿಮದ ಶಾಸ್ತ್ರೀಯ ಸಂಗೀತದವರಿಗೂ ಇದೇ ಗೋಳಿತ್ತು. ಅವರಿಗಾಗಿ 2023ರಲ್ಲಿ ಆಪಲ್ ಪ್ರತ್ಯೇಕ ಆ್ಯಪನ್ನೇ ತಂದಿತು, ಅಲ್ಲಿ ಸಂಯೋಜಕ, ಕೃತಿ, ಕಂಡಕ್ಟರ್, ಆರ್ಕೆಸ್ಟ್ರಾ ಅಂತ ಬೇರೆ ಬೇರೆಯಾಗಿ ಹುಡುಕಬಹುದು. ನಾನು ಆ ಕಡೆ ಹೋದದ್ದು ಮೈಸೂರಿನ ಕಾರಣಕ್ಕೆ. ಜಯಚಾಮರಾಜ ಒಡೆಯರ್ 1940ರ ದಶಕದ ಕೊನೆಯಲ್ಲಿ ಹಣ ಕೊಟ್ಟು, ಲಂಡನ್‌ನಲ್ಲಿದ್ದ ರಷ್ಯನ್ ಸಂಯೋಜಕ ನಿಕೊಲಾಯ್ ಮೆಟ್ನರ್ ಕೈಯಲ್ಲೇ ಅವರ ಸಂಗೀತವನ್ನು ಎಚ್‌ಎಂವಿ ಕಂಪನಿಗೆ ನುಡಿಸಿ ರೆಕಾರ್ಡ್ ಮಾಡಿಸಿದ್ದರು. ಮೂರನೇ ಪಿಯಾನೊ ಕಾನ್ಚೆರ್ಟೊವನ್ನು (ಆರ್ಕೆಸ್ಟ್ರಾ ಜೊತೆ ನುಡಿಸುವ ಪಿಯಾನೊ ಕೃತಿಯನ್ನು) ಮೆಟ್ನರ್ ಮಹಾರಾಜರಿಗೇ ಅರ್ಪಿಸಿದ್ದಾರೆ. ಅದನ್ನು ಕೇಳಬೇಕು ಅಂತ ‘ಮೆಟ್ನರ್’ ಹಾಕಿದರೆ ಈಗಿನ ಪಿಯಾನೊ ವಾದಕರೇ ಮೇಲೆ ಬರುತ್ತಾರೆ, ಸಂಯೋಜಕನೇ ನುಡಿಸಿದ್ದು ಎಲ್ಲೋ ಅಡಿಯಲ್ಲಿ. ಇಲ್ಲಿಯೂ ಅದೇ ಉಪಾಯ ಕೈಹಿಡಿಯಿತು. ಆ ರೆಕಾರ್ಡಿಂಗ್‌ನಲ್ಲಿ ಆರ್ಕೆಸ್ಟ್ರಾ ನಡೆಸಿದವರು ಇಸ್ಸಾಯ್ ದೊಬ್ರೊವೆನ್. ‘ಮೆಟ್ನರ್ ದೊಬ್ರೊವೆನ್’ ಅಂದರೆ ನೇರ ಅಲ್ಲಿಗೇ ಹೋಗುತ್ತದೆ.

ಚೌಡಯ್ಯನವರ ವಿಷಯದಲ್ಲಿ ಇದನ್ನೇ ಮಾಡಲು ಹೋದರೆ ಆಗುವುದಿಲ್ಲ. ಅವರು ಚೆಂಬೈ, ಅರಿಯಕುಡಿಯಂಥ ಗಾಯಕರಿಗೆ ಪಕ್ಕದಲ್ಲಿ ಕೂತು ಏಳು ತಂತಿಯ ಪಿಟೀಲು ನುಡಿಸಿದವರು, ಆದರೆ ಆ ಕಛೇರಿಗಳೆಲ್ಲ ಇರುವುದು ಹಾಡಿದವರ ಹೆಸರಿನಲ್ಲಿ ಮಾತ್ರ. ಅಲ್ಲಿ ಕಂಡಕ್ಟರ್‌ಗೆ ಖಾನೆ ಇದೆ, ಇಲ್ಲಿ ಪಿಟೀಲಿಗೆ, ಮೃದಂಗಕ್ಕೆ ಇಲ್ಲ. ಇಂಥ ಕಡೆ ನಾನು ಮೊದಲು ಯೂಟ್ಯೂಬ್‌ಗೆ ಹೋಗುತ್ತೇನೆ. ಅಲ್ಲಿ ಹಳೆಯ ಟೇಪು ಹಾಕುವ ಸಂಗ್ರಾಹಕರಲ್ಲಿ ಕೆಲವರು ರಾಗ, ತಾಳ, ಪಕ್ಕವಾದ್ಯ, ಸಂದರ್ಭ ಎಲ್ಲವನ್ನೂ ಶ್ರದ್ಧೆಯಿಂದ ಬರೆದಿರುತ್ತಾರೆ, ಸಂಬಳ ತೆಗೆದುಕೊಂಡು ಮಾಡುವವರಿಗಿಂತ ಎಷ್ಟೋ ಚೆನ್ನಾಗಿ. ಆ ವಿವರ ಹಿಡಿದುಕೊಂಡು ಆ್ಯಪ್‌ಗೆ ವಾಪಸು ಬಂದು ಅವಧಿ ತಾಳೆ ನೋಡುತ್ತೇನೆ.

ಸಿಕ್ಕಿದ್ದನ್ನೆಲ್ಲ ಒಂದು ಸ್ಪ್ರೆಡ್‌ಶೀಟ್‌ನಲ್ಲಿ ಬರೆದಿಡುತ್ತೇನೆ: ರಾಗ, ಮೊದಲ ಸಾಲು, ಹಾಡಿದವರು, ಅವಧಿ, ಕಂಪನಿ, ಆ್ಯಪ್‌ನಲ್ಲಿ ಅದಕ್ಕಿರುವ ತಪ್ಪು ಸ್ಪೆಲಿಂಗ್. ಕೊನೆಯದ್ದು ಬಹಳ ಮುಖ್ಯ, ಸರಿ ಸ್ಪೆಲಿಂಗ್ ಬರೆದಿಟ್ಟರೆ ಮತ್ತೆ ಸಿಗುವುದಿಲ್ಲ. ಆ್ಯಪ್‌ನ ಪ್ಲೇಲಿಸ್ಟ್ ಒಂದನ್ನೇ ನಂಬಿ ಕೂರಬೇಡಿ. ಪರವಾನಗಿ ಮುಗಿದರೆ ಹಾಡು ಬೂದು ಬಣ್ಣಕ್ಕೆ ತಿರುಗಿ ಒತ್ತಿದರೂ ಓಡುವುದಿಲ್ಲ, ಕೆಲವು ಸಲ ಸಾಲೇ ಇರುವುದಿಲ್ಲ. ಅವಧಿ ಬರೆದಿಟ್ಟಿದ್ದರೆ ಅದೇ ಹಾಡನ್ನು ಇನ್ಯಾವುದೋ ‘ಸಂಜೆಯ ರಾಗಗಳು’ ಆಲ್ಬಮ್‌ನಲ್ಲಿ ಪತ್ತೆ ಮಾಡಬಹುದು. ಚೌಡಯ್ಯನವರು ಪಕ್ಕವಾದ್ಯ ನುಡಿಸಿದ ಸಾಲುಗಳು ನನ್ನ ಶೀಟ್‌ನಲ್ಲಿ ಇನ್ನೂ ಕಡಿಮೆ ಇವೆ. ಯಾವ ಆಲ್ಬಮ್, ಎಷ್ಟು ನಿಮಿಷ ಅಂತ ಗೊತ್ತಿರುವವರು ಹೇಳಿದರೆ ಸೇರಿಸಿಕೊಳ್ಳುತ್ತೇನೆ.