ಹಳೆ ಪದ್ಮಿನಿ ಬಿಚ್ಚೋ ಮುಂಚೆ ಒಂದು ಅಯಸ್ಕಾಂತ ಹಿಡ್ಕೊಳ್ಳಿ

ಕಾರವಾರದ ಕಡೆ ಹಳೆ ಪ್ರೀಮಿಯರ್ ಪದ್ಮಿನಿ ತಗೊಂಡವರು ಮೊದಲು ಎಂಜಿನ್ ನೋಡುತ್ತಾರೆ. ನಾನೂ ಹಾಗೇ ಮಾಡಿ ಕೆಟ್ಟೆ ಮಾರಾಯ್ರೆ. ನಮ್ಮ ಉಪ್ಪುಗಾಳಿಗೆ ಮೊದಲು ಹೋಗುವುದು ತಗಡು. ಈ ಕಾರಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಭಾರ ಹೊರಬೇಕು, ಹಾಗಾಗಿ ಬಾಗಿಲ ಕೆಳಗಿನ ಪಟ್ಟಿ ತುಕ್ಕು ಹಿಡಿದರೆ ಅದು ಬರೀ ಚಂದದ ವಿಷಯ ಅಲ್ಲ. ಫ್ರಿಜ್ ಮೇಲಿನ ಅಯಸ್ಕಾಂತ ಅಲ್ಲಿಟ್ಟು ನೋಡಿ. ಜಾರಿ ಬಿತ್ತಾ? ಪುಟ್ಟಿ ಮೆತ್ತಿದ್ದಾರೆ. ನನ್ನ ಗಾಡಿಯಲ್ಲಿ ಸ್ಕ್ರೂಡ್ರೈವರ್ ಚುಚ್ಚಿದರೆ ಚಹಾದಲ್ಲಿ ನೆನೆದ ಬಿಸ್ಕತ್ತಿಗೆ ಚುಚ್ಚಿದ ಹಾಗೆ ಒಳಗೆ ಹೋಯಿತು. ತುಕ್ಕು ಹಿಡಿದ ಪಟ್ಟಿ ಕತ್ತರಿಸಿ ಹೊಸದು ಕೂರಿಸುವ ವೆಲ್ಡಿಂಗ್ ಟಿಂಕರಿಂಗ್‌ನವರಿಗೇ ಬಿಡಿ. ಪಟ್ಟಿ ಕತ್ತರಿಸುವ ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡ ರಾಡ್ ಕೊಡ್ತೀರಾ ಅಂತ ಕೇಳಿ. ಇಲ್ಲ ಅಂದ್ರೆ ಬೇರೆಯವರನ್ನು ಹುಡುಕಿ, ಇಲ್ಲದಿದ್ದರೆ ಆಮೇಲೆ ಬಾಗಿಲು ಸರಿಯಾಗಿ ಕೂರಲ್ಲ.

ಕಾರ್ಬೊರೇಟರ್ ತೊಳೆಯುವುದು, ಎಂಜಿನ್ನಿನ ಕಿಡಿ ಸರಿಯಾದ ಹೊತ್ತಿಗೆ ಬರುವಂತೆ ಮಾಡುವ ಪಾಯಿಂಟ್ ಸೆಟ್ ಮಾಡುವುದು, ಸೀಟಿನ ರೆಕ್ಸಿನ್ ಬಿಚ್ಚುವುದು ಮನೆಯಲ್ಲೇ ಆಗುತ್ತದೆ. ತಪ್ಪಿದರೆ ಗಾಡಿ ಸ್ಟಾರ್ಟ್ ಆಗಲ್ಲ, ಅಷ್ಟೇ ಅಲ್ವಾ? ಬ್ರೇಕ್ ಹಾಗಲ್ಲ. ಶಿರಸಿಯಿಂದ ದೇವಿಮನೆ ಘಾಟ್ ಇಳಿಯುವಾಗ ಕಲಿಯುವ ಪಾಠ ಅಲ್ಲ ಅದು.

ಪೇಂಟ್ ಯಾರೇ ಹೊಡೆಯಲಿ, ಮಳೆಗಾಲದಲ್ಲಿ ಮಾತ್ರ ಬೇಡ. ಗಾಳಿಯ ತೇವಕ್ಕೆ ಬಣ್ಣ ಬೆಳ್ಳಗೆ ಮಸುಕಾಗುತ್ತದೆ.